ಬುಧವಾರ ಸಂಜೆ ನಾನು ವಾಪಸ್ ಕೊಡದ ಮೈಕ್

ಪ್ರವಾಹ ಪರಿಹಾರ ಮತ್ತು ಪುನರ್ವಸತಿ ಕಚೇರಿಯ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ,

ತಮ್ಮ ಕಚೇರಿಯ ಗೋಡೆಗೆ ಅಂಟಿಸಿರುವ ಪ್ರವಾಹ ವರದಿಯ ಹದಿನೇಳನೇ ಪುಟದಲ್ಲಿ ಹೀಗೊಂದು ವಾಕ್ಯವಿದೆ: “ಗುರುವಾರ ಬೆಳಗ್ಗೆ ಎಂಟೂವರೆಯಿಂದ ಹತ್ತೂವರೆಯವರೆಗೆ ಧ್ವನಿವರ್ಧಕ ಅಳವಡಿಸಿದ ವಾಹನದ ಮೂಲಕ ಕೆಳಬೀದಿಯಲ್ಲಿ ಮೂರು ಬಾರಿ ಎಚ್ಚರಿಕೆ ನೀಡಲಾಗಿದ್ದು, ಸದರಿ ಬೀದಿಯ ನಿವಾಸಿಗಳು ಅದನ್ನು ನಿರ್ಲಕ್ಷಿಸಿರುತ್ತಾರೆ.” ಈ ವಾಕ್ಯ ಸುಳ್ಳು. ಕಣ್ತಪ್ಪಲ್ಲ, ಅಚ್ಚಿನ ದೋಷವೂ ಅಲ್ಲ. ಕುರ್ಚಿ ಎಳೆದುಕೊಂಡು ಕೂತು, ಯೋಚಿಸಿ ಬರೆದ ಸುಳ್ಳು. ಈ ಒಂದೇ ವಾಕ್ಯದ ಬಲದ ಮೇಲೆ ಕೆಳಬೀದಿಯ ಮೂವತ್ತೊಂದು ಕುಟುಂಬಗಳನ್ನು ತಾವು ‘ಎಚ್ಚರಿಕೆ ಮೀರಿದವರು’ ಎಂಬ ಹೊಸ ವರ್ಗ ಮಾಡಿ ಅದರೊಳಗೆ ತುಂಬಿದ್ದೀರಿ. ಮನೆ ಕಟ್ಟಿಕೊಡುವ ಪಟ್ಟಿಯ ಕಟ್ಟಕಡೆಗೆ ಅವರನ್ನು ತಳ್ಳಿದ್ದೀರಿ. ಮನೆ ಕಳೆದುಕೊಂಡವರಿಗೆ ಇಲ್ಲಿಯವರೆಗೆ ಮನೆ ಮಾತ್ರ ಇರಲಿಲ್ಲ. ಈಗ ಬುದ್ಧಿಯೂ ಇರಲಿಲ್ಲ ಎಂದು ಸರ್ಕಾರಿ ಕಾಗದದಲ್ಲಿ ದಾಖಲಾಗಿದೆ.

ಆ ವಾಕ್ಯವನ್ನು ಬರೆದವರ ಭಾಷೆಯನ್ನು ನಾನು ಮೆಚ್ಚಿದ್ದೇನೆ. ತಮ್ಮ ವರದಿಯ ಅರವತ್ತು ಪುಟಗಳಲ್ಲಿ ತಮ್ಮ ಕಚೇರಿಯ ಒಬ್ಬರೂ ಏನನ್ನೂ ಮಾಡುವುದಿಲ್ಲ. ಎಲ್ಲವೂ ತಾವಾಗಿಯೇ ಆಗುತ್ತವೆ. ಅಣೆಕಟ್ಟೆಯ ಬಾಗಿಲುಗಳನ್ನು ಬೆಳಗ್ಗೆ ಆರಕ್ಕೆ ‘ತೆರೆಯಲಾಗಿದೆ’. ಹಾಗೆಂದು ತಮ್ಮ ಕಚೇರಿಗೆ ಬಂದ ಸಂದೇಶವನ್ನು ಆರೂ ಹತ್ತಕ್ಕೆ ‘ಸ್ವೀಕರಿಸಲಾಗಿದೆ’. ಎಚ್ಚರಿಕೆ ‘ನೀಡಲಾಗಿದೆ’. ಯಾರು ತೆರೆದರು, ಯಾರು ಫೋನು ಎತ್ತಿದರು, ಯಾರು ಕೂಗಿದರು ಎಂಬ ಪ್ರಶ್ನೆಗಳಿಗೆ ಆ ವ್ಯಾಕರಣದಲ್ಲಿ ಜಾಗವೇ ಇಲ್ಲ. ಅಷ್ಟೂ ಪುಟಗಳಲ್ಲಿ ಸ್ವತಃ ಕೈಯಾರೆ ಏನನ್ನೋ ಮಾಡಿದವರು ಕೆಳಬೀದಿಯವರು ಮಾತ್ರ. ಅವರು ‘ನಿರ್ಲಕ್ಷಿಸಿರುತ್ತಾರೆ’.

ನಾನು ಯಾರು ಎಂದು ತಮಗೆ ಗೊತ್ತಿಲ್ಲದಿರಬಹುದು. ತಮ್ಮ ಕೈಕೆಳಗಿನವರಿಗೆ ಚೆನ್ನಾಗಿ ಗೊತ್ತು. ಕೆಳಬೀದಿಯ ನಡುಮಧ್ಯದಲ್ಲಿ ಮೈಕ್ ಮತ್ತು ರೇಡಿಯೊ ರಿಪೇರಿಯ ಅಂಗಡಿ ಇಟ್ಟಿದ್ದವನು ನಾನು. ಎಲ್ಲರೂ ಮೈಕಣ್ಣ ಎನ್ನುತ್ತಾರೆ. ಮಾತು ಮೆಲ್ಲಗೆ, ಹೆಸರು ಮಾತ್ರ ಜೋರು ಎಂದು ನನ್ನ ಹೆಂಡತಿ ಹಂಗಿಸುತ್ತಾಳೆ. ಹನ್ನೊಂದು ವರ್ಷಗಳಿಂದ ತಮ್ಮ ಕಚೇರಿಯ ಜೀಪಿನ ಮೇಲಿನ ಮೈಕ್ ಸೆಟ್ಟನ್ನು ಬಿಚ್ಚಿ ಜೋಡಿಸುತ್ತಾ ಬಂದವನು ನಾನೇ. ನನ್ನದು ಅನುಮಾನದ ಕಸುಬು. ದನಿ ಎಲ್ಲಿ ನಿಂತಿದೆ ಎಂದು ಹುಡುಕುವಾಗ ಯಾವ ತಂತಿಯನ್ನೂ ನಂಬುವಂತಿಲ್ಲ, ಒಂದೊಂದು ಬೆಸುಗೆಯನ್ನೂ ಮುಟ್ಟಿ ನೋಡಬೇಕು. ಆದ್ದರಿಂದ ಈ ಪತ್ರದ ತುಂಬ ಅನುಮಾನವೇ ಕಂಡರೆ ಅದನ್ನು ನನ್ನ ಹುಟ್ಟುಗುಣ ಎಂದು ತಳ್ಳಿಹಾಕಬೇಡಿ. ಅನುಮಾನಕ್ಕೆ ಕಾರಣವಿದೆ, ಹೇಳುತ್ತೇನೆ.

ನದಿ ಬೀದಿಗೆ ಬಂದದ್ದು ಗುರುವಾರ. ಅದಕ್ಕೆ ಎರಡು ದಿನ ಮೊದಲು, ಮಂಗಳವಾರ ಮಧ್ಯಾಹ್ನ, ತಮ್ಮ ಜೀಪಿನ ಡ್ರೈವರ್ ಸೆಟ್ಟನ್ನು ಎದೆಗವಚಿಕೊಂಡು ನನ್ನ ಅಂಗಡಿಗೆ ಬಂದ. ಆಗಲೇ ಐದು ದಿನದಿಂದ ಮಳೆ ಹಿಡಿದಿತ್ತು.

“ನಿನ್ನೆ ಕರಕರ ಅಂತು, ಇವತ್ತು ಉಸಿರೇ ಬಿಡ್ತಿಲ್ಲ ನೋಡು, ಮೈಕಣ್ಣ” ಎಂದ.

ಮುಚ್ಚಳ ತೆಗೆದೆ. ಸುಟ್ಟ ವಾಸನೆ ಮೂಗಿಗೆ ಬಡಿಯಿತು. “ಟ್ರಾನ್ಸ್‌ಫಾರ್ಮರ್ ಹೋಗಿದೆ. ಹೊಸದು ತರಿಸ್ಬೇಕು. ಶುಕ್ರವಾರದ ತನಕ ಆಗಲ್ಲ” ಎಂದೆ.

“ಶನಿವಾರ ಆದ್ರೂ ಆಗ್ಲಿ ಬಿಡು. ಈ ವಾರ ಕೂಗೋದು ಏನೂ ಇಲ್ಲ ಅಂದಿದ್ದಾರೆ ಸಾಹೇಬರು.”

ಐದು ದಿನ ಎಡೆಬಿಡದೆ ಮಳೆ ಬಿದ್ದಿರುವಾಗ ಈ ವಾರ ಕೂಗುವುದು ಏನೂ ಇಲ್ಲ ಎಂದು ತೀರ್ಮಾನ ಮಾಡಿದ ಆ ಸಾಹೇಬರು ಯಾರು? ತಾವೋ, ತಮ್ಮ ಪಕ್ಕದ ಕೋಣೆಯವರೋ? ಇನ್ನೊಂದು ಜೀಪು ಇದೆಯಲ್ಲ ಎಂದು ತಾವು ಹೇಳಬಹುದು. ಇದೆ. ಅದರ ಸೆಟ್ಟನ್ನೂ ನೆತ್ತಿಯ ಮೇಲಿನ ಧ್ವನಿವರ್ಧಕದ ಹಾರ್ನನ್ನೂ ಹೋದ ವರ್ಷ ಕಚೇರಿಯ ಆಟೋಟ ಸ್ಪರ್ಧೆಗೆಂದು ಬಿಚ್ಚಿ ಮೈದಾನದ ಕಂಬಕ್ಕೆ ಕಟ್ಟಿದವನೂ ನಾನೇ. ಅವು ಇಂದಿಗೂ ಆ ಕಂಬದ ಮೇಲೇ ಇವೆ. ಹಾರ್ನಿನೊಳಗೆ ಹಕ್ಕಿಗಳು ಸಂಸಾರ ಮಾಡಿಕೊಂಡಿವೆ. ಅಂದರೆ ಗುರುವಾರ ಬೆಳಗ್ಗೆ ಈ ಊರಿನಲ್ಲಿ ತಮ್ಮ ಕಚೇರಿಗೆ ಇದ್ದ ಏಕೈಕ ಗಂಟಲು ನನ್ನ ಮೇಜಿನ ಮೇಲೆ ಮುಚ್ಚಳ ತೆರೆದುಕೊಂಡು, ಟ್ರಾನ್ಸ್‌ಫಾರ್ಮರ್ ಇಲ್ಲದೆ ಬಿದ್ದಿತ್ತು.

ಅದನ್ನು ನೋಡಿದವನು ನಾನೊಬ್ಬನೇ ಅಲ್ಲ. ಅಂದು ಒಂಬತ್ತೂವರೆಗೆ, ಅಂದರೆ ತಮ್ಮ ವರದಿಯ ಪ್ರಕಾರ ಜೀಪು ನಮ್ಮ ಬೀದಿಯಲ್ಲಿ ಎರಡನೇ ಸುತ್ತು ಕೂಗುತ್ತಿದ್ದ ಹೊತ್ತಿಗೆ, ಬೀದಿಯ ತುದಿಯ ಬೈಂಡರ್ ಯಜಮಾನರು ನನ್ನ ಅಂಗಡಿಯ ಸ್ಟೂಲಿನ ಮೇಲೆ ಕೂತು ಚಹಾ ಕುಡಿಯುತ್ತಿದ್ದರು. ನಲವತ್ತು ವರ್ಷ ಪುಸ್ತಕಗಳಿಗೆ ರಟ್ಟು ಕಟ್ಟಿದವರು. ಬೆರಳ ಸಂದಿಯಲ್ಲಿ ಯಾವಾಗಲೂ ಒಣಗಿದ ಅಂಟು. ಹೆಂಡತಿ ಹೋದ ಮೇಲೆ ಮಗಳೊಂದಿಗೆ ಇದ್ದರು. ಅವರ ಕೆಲಸದ ಕೋಣೆ ರಸ್ತೆಯಿಂದ ಐದು ಮೆಟ್ಟಿಲು ಕೆಳಗೆ.

ಅವರು ನನ್ನ ಮೇಜಿನತ್ತ ನೋಡಿ, “ಇದರ ಹೊಟ್ಟೆ ಯಾಕೆ ಬಗೆದು ಮಲಗಿಸಿದ್ದೀಯ?” ಎಂದರು.

“ಕಚೇರಿಯದು. ಒಳಗೆ ಸುಟ್ಟಿದೆ.”

“ನದಿ ವಿಷಯ ಏನಾದ್ರೂ ಕಿವಿಗೆ ಬಿತ್ತಾ? ಚರಂಡಿ ನೀರು ಇಳೀತಾನೇ ಇಲ್ಲ. ಶಾಲೆಯವರ ಪುಸ್ತಕ ಎಲ್ಲಾ ಕೆಳಗಿದೆ, ಮೇಲಕ್ಕೆ ಎತ್ತಿಸ್ಲಾ ಅಂತ.”

ಮಾನ್ಯರೇ, ಆಗ ನಾನು ಏನು ಹೇಳಿದೆ ಎಂಬುದನ್ನು ಇಲ್ಲಿ ಬರೆಯಲೇಬೇಕು. “ಅಂಥದ್ದೇನಾದ್ರೂ ಇದ್ರೆ ಕಚೇರಿಯವರು ಹೇಳೇ ಹೇಳ್ತಾರೆ ಬಿಡಿ” ಎಂದೆ. ಹೇಳುವ ಯಂತ್ರ ಕಣ್ಣೆದುರೇ ಸತ್ತು ಬಿದ್ದಿತ್ತು, ಆದರೂ ಹಾಗೆಂದೆ. ತಮ್ಮ ಕಚೇರಿಯ ಮೇಲೆ ನನಗಿದ್ದ ನಂಬಿಕೆ ಅಂಥದ್ದು. ಯಜಮಾನರು ಲೋಟ ಕೆಳಗಿಟ್ಟು, “ಅದೂ ಸರಿ” ಎಂದು ಎದ್ದು ಹೋದರು.

ಹನ್ನೊಂದರ ಸುಮಾರಿಗೆ ಚರಂಡಿಯ ನೀರು ಹಿಂದಕ್ಕೆ ಹರಿಯತೊಡಗಿತು. ಅದೇನೆಂದು ನೋಡಲು ಹೊಸ್ತಿಲಿಗೆ ಬಂದೆ. ನೋಡುತ್ತ ನಿಂತಿರುವಾಗಲೇ ನೀರು ಮೊಣಕಾಲಿಗೆ ಬಂತು. ಮನೆ ಅಂಗಡಿಯ ಹಿಂದೆಯೇ. ಅಮ್ಮನನ್ನು ಬೆನ್ನ ಮೇಲೆ ಹಾಕಿಕೊಂಡೆ. ಮಂಡಿ ಮಡಚಲಾಗದ ಅಮ್ಮ ಬೆನ್ನ ಮೇಲೆ ಮರದ ಹಲಗೆಯ ಹಾಗೆ ನೆಟ್ಟಗೆ ಕೂತಿದ್ದಳು. “ಬಾಗಿಲು ಹಾಕ್ದ್ಯಾ?” ಎಂದು ದಾರಿಯುದ್ದಕ್ಕೂ ಕೇಳಿದಳು. ಹಾಕುವ ಬಾಗಿಲೇ ಆ ಹೊತ್ತಿಗೆ ತೇಲಿ ಬೀದಿಗೆ ಬಂದಿತ್ತು. ಏರಿನ ಮೇಲಿನ ಶಾಲೆ ಸೇರಿದೆವು. ಆಸ್ಪತ್ರೆಯಲ್ಲಿ ಬಟ್ಟೆ ಒಗೆಯುವ ವಿಭಾಗದಲ್ಲಿ ಕೆಲಸ ಮಾಡುವ ನನ್ನ ಹೆಂಡತಿ ಸಂಜೆ ಬಂದು ನಮ್ಮನ್ನು ಹುಡುಕಿದಳು. ಔಷಧದಂಗಡಿಯಲ್ಲಿ ಕೆಲಸಕ್ಕೆ ಹೋಗಿದ್ದ ಬೈಂಡರ್ ಮಗಳೂ ಬಂದು ಹುಡುಕಿದಳು. ಅವಳಿಗೆ ಸಿಗಬೇಕಾದವರು ಅಂದು ಸಿಗಲಿಲ್ಲ. ಮಾರನೆಯ ದಿನ ನೀರು ಇಳಿದ ಮೇಲೆ, ಐದು ಮೆಟ್ಟಿಲ ಕೆಳಗೆ, ಒಳಗಿನಿಂದ ತೆರೆಯಲಾಗದಂತೆ ಬಿಗಿದುಕೊಂಡಿದ್ದ ಬಾಗಿಲ ಹಿಂದೆ ಸಿಕ್ಕರು.

ಆರೂ ಹತ್ತಕ್ಕೆ ಸಂದೇಶ ಬಂತು. ಹನ್ನೊಂದಕ್ಕೆ ನೀರು ಬಂತು. ನಡುವೆ ಸುಮಾರು ಐದು ಗಂಟೆ. ಮೈಕ್ ಇಲ್ಲವೆಂದೇ ಇಟ್ಟುಕೊಳ್ಳಿ, ಒಬ್ಬ ಮನುಷ್ಯ ಬೀದಿಯ ಆ ತುದಿಯಿಂದ ಈ ತುದಿಗೆ ಬಾಗಿಲು ಬಡಿಯುತ್ತಾ ನಡೆದರೆ ಎಷ್ಟು ಹೊತ್ತು ಬೇಕು? ನಾನು ನಡೆದು ನೋಡಿದ್ದೇನೆ. ಹದಿನಾಲ್ಕು ನಿಮಿಷ.

ಇನ್ನು ಆ ಶಾಲೆಯ ಬದುಕು. ತಾವು ಒಮ್ಮೆ ಬಂದು, ಬಾಗಿಲಲ್ಲೇ ನಿಂತು, ಫೋಟೊ ತೆಗೆಸಿಕೊಂಡು ಹೋದಿರಂತೆ. ನಾನು ಆಗ ನೀರಿಗೆ ಸಾಲಿನಲ್ಲಿ ನಿಂತಿದ್ದೆ, ದರ್ಶನವಾಗಲಿಲ್ಲ. ಏಳನೇ ತರಗತಿಯ ಕೋಣೆಯಲ್ಲಿ ನಾವು ನಾಲ್ಕು ಕುಟುಂಬ. ನೆಲದ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದು ಭಾಗ ಮಾಡಿಕೊಂಡೆವು. ಗಡಿಗೆ ಹೊದಿಕೆ ಕಟ್ಟಿದೆವು. ಮೊದಲ ವಾರ ಒಬ್ಬರ ಕಷ್ಟಕ್ಕೆ ಒಬ್ಬರು ಅತ್ತೆವು. ಎರಡನೇ ವಾರ ಯಾರೋ ಗೆರೆಯನ್ನು ಒಂದು ಗೇಣು ಸರಿಸಿದ್ದಾರೆ ಎಂದು ಅಡಿಕೋಲು ಹಿಡಿದು ಅಳೆದೆವು. ಮನೆ ಹೋದವನಿಗೆ ಉಳಿದ ಗೇಣಿನ ಮೇಲೆ ಎಷ್ಟು ಆಸೆ ಹುಟ್ಟುತ್ತದೆ ಎಂದು ತಮಗೆ ತಿಳಿಯದು. ಯಾರಿಗೆ ಎರಡು ಕಂಬಳಿ ಸಿಕ್ಕಿತು, ಯಾರ ಜೊತೆ ಕಚೇರಿಯವರು ನಗುತ್ತಾ ಮಾತಾಡಿದರು ಎಂದು ಒಬ್ಬರನ್ನೊಬ್ಬರು ಓರೆಗಣ್ಣಿನಿಂದ ನೋಡುವುದೇ ದಿನಚರಿಯಾಯಿತು.

ಗಂಡಹೆಂಡಿರಿಗೆ ಜಗಳವಾಡಲೂ ಗೋಡೆ ಬೇಕು ಎಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಹೊದಿಕೆಯ ಹಿಂದೆ ಎಷ್ಟು ಪಿಸುಗುಟ್ಟಿದರೂ ಮೂರು ಸಂಸಾರ ಕಿವಿಗೊಡುತ್ತದೆ. ಕೊನೆಗೆ ಆಟದ ಸಾಮಾನು ಇಡುವ ಕೋಣೆಯ ಬೀಗದ ಕೈ ಶಾಲೆಯ ಜವಾನನಿಂದ ಸಿಕ್ಕಿತು. ಚೆಂಡು, ಬಲೆ, ಹಗ್ಗಗಳ ನಡುವೆ ಹೋಗಿ ಬಾಗಿಲು ಹಾಕಿಕೊಂಡು ಜಗಳವಾಡಿ ಬರುವುದು. ಅಳಬೇಕಾದವರು ಅತ್ತು ಬರುವುದು. ಅದಕ್ಕೂ ಸರದಿ. “ಬೇಗ ಮುಗಿಸ್ರಪ್ಪ, ನಮ್ದೂ ಸ್ವಲ್ಪ ಇದೆ” ಎಂದು ಹೊರಗೆ ನಿಂತವರು ಬಾಗಿಲು ತಟ್ಟುತ್ತಿದ್ದರು. ಅಂಚೆಯವರು ಮಾತ್ರ ನಮ್ಮನ್ನು ಗೌರವದಿಂದ ಕಂಡರು. ಕೊಚ್ಚಿಹೋದ ಮನೆಗಳ ವಿಳಾಸಕ್ಕೆ ಬಂದ ಕಾಗದಗಳನ್ನು ಹಿಡಿದು, “ಇಪ್ಪತ್ತೆರಡನೇ ನಂಬರ್ ಮನೆಯವರು ಎಲ್ಲಿದ್ದಾರೆ? ಕಪ್ಪುಹಲಗೆ ಕೆಳಗಾ?” ಎಂದು ಕೇಳಿ, ಹೊದಿಕೆಯ ಮುಂದೆ ನಿಂತು ಕೆಮ್ಮಿ, ಆಮೇಲೆ ಕೊಡುತ್ತಿದ್ದರು.

ಮಕ್ಕಳು ಅಂಗಳದಲ್ಲಿ ಸೀಮೆಸುಣ್ಣದಿಂದ ತಮ್ಮ ತಮ್ಮ ಮನೆ ಬರೆದು ಆಡುತ್ತಿದ್ದರು. ಒಂದು ಸಂಜೆ ಟೈಲ್ಸ್ ಹಾಕುವ ನನ್ನ ಗೆಳೆಯ ಅದನ್ನು ನೋಡುತ್ತಾ ನಿಂತಿದ್ದವನು, “ಅಡುಗೆಮನೆ ಕಿಟಕಿ ಆ ಕಡೆ ಅಲ್ಲ ಕಣೋ, ಈ ಕಡೆ” ಎಂದು ಬಗ್ಗಿ ತಿದ್ದಿದ. ಅವನ ಹೆಂಡತಿ ಬಂದು ಬಾಗಿಲಿನ ಜಾಗ ತಿದ್ದಿದಳು. ಹತ್ತು ನಿಮಿಷದಲ್ಲಿ ಬೀದಿಗೆ ಬೀದಿಯೇ ಅಂಗಳದಲ್ಲಿ ಬಗ್ಗಿ ನಿಂತು ಗೆರೆ ಎಳೆಯುತ್ತಿತ್ತು. ಬೈಂಡರ್ ಮಗಳು ಮಾತ್ರ ಸೀಮೆಸುಣ್ಣ ಮುಟ್ಟಲಿಲ್ಲ.

ಈಗ ಅನುಮಾನದ ಮಾತಿಗೆ ಬರುತ್ತೇನೆ. ನೀರು ಇಳಿದ ಮೂರನೇ ದಿನ, ಇನ್ನೂ ಕುಡಿಯುವ ನೀರಿನ ಟ್ಯಾಂಕರ್ ಸಹ ಬಂದಿರಲಿಲ್ಲ, ತಮ್ಮ ಜೀಪು ಬಂತು. ಡ್ರೈವರ್ ಮತ್ತು ಕೊಡೆ ಹಿಡಿದ ಒಬ್ಬ ಗುಮಾಸ್ತರು. ಅಮ್ಮ ಬದುಕಿದ್ದಾಳೋ ಎಂದು ಕೇಳಲಿಲ್ಲ. “ಸೆಟ್ ಎಲ್ಲಿದೆ?” ಎಂದು ಕೇಳಿದರು. ಕರೆದುಕೊಂಡು ಹೋಗಿ ತೋರಿಸಿದೆ. ಸೊಂಟದೆತ್ತರದ ಕೆಸರಿನಲ್ಲಿ ಅರ್ಧ ತಾಸು ಅಗೆದು, ಕೆಸರಿನ ಮುದ್ದೆಯಂತಿದ್ದ ಅದನ್ನು ಗೋಣಿಚೀಲದಲ್ಲಿ ಸುತ್ತಿ, ಕೂಸನ್ನು ಎತ್ತಿಕೊಂಡಂತೆ ಎತ್ತಿಕೊಂಡು ಹೋದರು. ಪಕ್ಕದಲ್ಲೇ ಜನ ತಮ್ಮ ಗೋಡೆಗಳನ್ನು ಅಗೆಯುತ್ತಿದ್ದರು. ಅವರತ್ತ ತಿರುಗಿಯೂ ನೋಡಲಿಲ್ಲ. ಪಾಪ, ಸರ್ಕಾರಿ ಸ್ವತ್ತಿನ ಮೇಲೆ ಎಷ್ಟು ಕಾಳಜಿ ಎಂದುಕೊಂಡೆ ನಾನು. ಅನುಮಾನದ ಕಸುಬಿನವನಿಗೆ ಅಂದು ಅನುಮಾನ ಬರಲಿಲ್ಲ, ನೋಡಿ.

ಮೂರು ವಾರದ ನಂತರ ಕಚೇರಿಗೆ ಕರೆಸಿದರು. ಮೊದಲನೇ ಮಹಡಿ, ಎಡಗಡೆಯ ಕೋಣೆ. ಕೊಡೆಯ ಗುಮಾಸ್ತರು ಕುರ್ಚಿ ತೋರಿಸಿದರು. ಹನ್ನೊಂದು ವರ್ಷದಲ್ಲಿ ಆ ಕಚೇರಿಯಲ್ಲಿ ನನಗೆ ಕುರ್ಚಿ ಸಿಕ್ಕಿದ್ದು ಅದೇ ಮೊದಲು. ಮೇಜಿನ ಮೇಲೆ ಒಂದು ಕಾಗದ. ಧ್ವನಿವರ್ಧಕವನ್ನು ದುರಸ್ತಿ ಮಾಡಿ ಬುಧವಾರ ಸಂಜೆ ಐದು ಗಂಟೆಗೆ ಕಚೇರಿಗೆ ಸುಸ್ಥಿತಿಯಲ್ಲಿ ಹಿಂದಿರುಗಿಸಿರುತ್ತೇನೆ ಎಂದು ಅದರಲ್ಲಿ ನನ್ನ ಪರವಾಗಿ ಯಾರೋ ಬರೆದಿದ್ದರು.

“ಇದು ಹೀಗಲ್ಲವಲ್ಲ ಸಾರ್. ನೀವೇ ಬಂದು ಕೆಸರಿಂದ ತೆಗೆದ್ರಿ” ಎಂದೆ.

“ಯಾವುದನ್ನ?” ಎಂದರು ಅವರು. ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ಆಮೇಲೆ ಫೈಲು ತಿರುವುತ್ತಾ, “ನಿಮ್ಮ ತಾಯಿಯವರಿಗೆ ನೆಲದ ಮೇಲೆ ಮಲಗಿದ್ರೆ ಏಳೋಕಾಗಲ್ಲವಂತೆ. ಎತ್ತೋಕೆ ಇಬ್ಬರು ಬೇಕಂತೆ” ಎಂದರು.

ಅಮ್ಮನ ಮಂಡಿ ಆ ಫೈಲಿನೊಳಗೆ ಹೇಗೆ ಸೇರಿತು, ಮಾನ್ಯರೇ? ಏಳನೇ ತರಗತಿಯ ಕೋಣೆಯಲ್ಲಿ ಯಾರು ಎಷ್ಟು ಹೊತ್ತಿಗೆ ಏಳುತ್ತಾರೆ ಎಂದು ತಮಗೆ ಬರೆದು ಕಳಿಸುತ್ತಿದ್ದವರು ಯಾರು? ಈ ಪ್ರಶ್ನೆಗೆ ಉತ್ತರ ನನಗೆ ಇಂದಿಗೂ ಸಿಕ್ಕಿಲ್ಲ. ಆದ್ದರಿಂದ ನಾನು ಇಂದಿಗೂ ಆ ಕೋಣೆಯ ಪ್ರತಿಯೊಬ್ಬರ ಮುಖವನ್ನೂ ಒಂದು ಕ್ಷಣ ಹೆಚ್ಚಾಗಿಯೇ ನೋಡುತ್ತೇನೆ.

“ಮೊದಲ ಪಟ್ಟಿ ನಾಳೆ ಅಂತಿಮ ಆಗುತ್ತೆ. ದಿಬ್ಬದ ಮೇಲೆ ಹದಿನಾಲ್ಕು ಮನೆ ಸಿದ್ಧ ಇದೆ. ಕಚೇರಿಗೆ ಸಹಕಾರ ಕೊಟ್ಟವರನ್ನ ಕಚೇರಿ ಮರೆಯಲ್ಲ” ಎಂದು ಹೇಳಿ, ಅವರು ಪೆನ್ನಿನ ಮುಚ್ಚಳ ತೆಗೆದು ನನ್ನ ಕಡೆ ತಿರುಗಿಸಿಟ್ಟರು. ಬೆದರಿಸಲಿಲ್ಲ, ದನಿ ಎತ್ತಲಿಲ್ಲ. ಕುಡಿಯಲು ನೀರು ಕೂಡ ಕೊಟ್ಟರು.

ನಾನು ಸಹಿ ಹಾಕಿದೆ.

ತಮ್ಮ ವರದಿಯ ಹದಿನೇಳನೇ ಪುಟದ ಸುಳ್ಳು ನಿಂತಿರುವುದು ನನ್ನ ಆ ಸಹಿಯ ಮೇಲೆ. ಅದು ಯಾವುದಕ್ಕೆ ಬೇಕಾಗಿದೆ ಎಂದು ಆಗ ನನಗೆ ಗೊತ್ತಿರಲಿಲ್ಲ ಎಂದರೆ ಅದು ಅರ್ಧ ನಿಜ. ಒಳ್ಳೆಯದಕ್ಕಲ್ಲ ಎಂಬುದು ಗೊತ್ತಿತ್ತು. ಏನೋ ಕಚೇರಿಯ ಒಳಗಿನ ವ್ಯವಹಾರ, ಸಾಮಾನು ಹಾಳಾದದ್ದಕ್ಕೆ ಯಾರದೋ ತಲೆ ಉಳಿಸಿಕೊಳ್ಳುವ ದಾರಿ ಎಂದುಕೊಂಡೆ. ಹೆಚ್ಚು ಯೋಚಿಸದಿರಲು ಪ್ರಯತ್ನಪಟ್ಟೆ, ಅದರಲ್ಲಿ ಗೆದ್ದೆ.

ಹತ್ತು ದಿನದಲ್ಲಿ ದಿಬ್ಬದ ಮೇಲೆ ಮನೆ ಸಿಕ್ಕಿತು. ಎರಡು ಕೋಣೆ, ಗಾಳಿ ಬರುವ ಕಿಟಕಿ, ಅಮ್ಮನಿಗೆ ಮಂಚ. ಕೆಳಬೀದಿಯಿಂದ ನಮ್ಮದೊಂದೇ ಕುಟುಂಬ. ಸಾಮಾನು ಕಟ್ಟುವಾಗ ಕೋಣೆಯವರೆಲ್ಲ ಸಹಾಯ ಮಾಡಿದರು. ಯಾರೂ ಏನೂ ಕೇಳಲಿಲ್ಲ. ಕೇಳಿದ್ದರೆ ಚೆನ್ನಾಗಿರುತ್ತಿತ್ತು. ನನ್ನ ಹೆಂಡತಿ ಮಾತ್ರ ಹೊಸ ಮನೆಯ ನೆಲ ಒರೆಸುತ್ತಾ ದಿನಕ್ಕೊಮ್ಮೆ, “ನಮಗೆ ಮಾತ್ರ ಯಾಕೆ ಇಷ್ಟು ಬೇಗ ಸಿಕ್ತು?” ಎನ್ನುತ್ತಿದ್ದಳು. “ಅಮ್ಮನ ಮಂಡಿಗೆ” ಎನ್ನುತ್ತಿದ್ದೆ. ಅವಳು ಒರೆಸುವುದನ್ನು ನಿಲ್ಲಿಸಿ ನನ್ನ ಮುಖ ನೋಡಿ, ಮತ್ತೆ ಒರೆಸುತ್ತಿದ್ದಳು.

ಪ್ರವಾಹವಾಗಿ ಎರಡು ತಿಂಗಳಿಗೆ ವರದಿ ಗೋಡೆಗೆ ಬಂತು. ಜನ ಮುತ್ತಿಕೊಂಡು ಓದಿದರು. ಎಲ್ಲರೂ ಸಿಟ್ಟಾದರು, “ಯಾವ ಜೀಪು ಬಂದಿತ್ತು? ಯಾವಾಗ ಕೂಗಿದ್ರು?” ಎಂದು ಗುಮಾಸ್ತರನ್ನು ಕೇಳಿದರು. ಗುಮಾಸ್ತರು ಶಾಂತವಾಗಿ, “ಸೆಟ್ ರಿಪೇರಿಯಾಗಿ ಬುಧವಾರವೇ ಬಂದಿದ್ದಕ್ಕೆ ದಾಖಲೆ ಇದೆ. ಮಳೆಯ ಶಬ್ದದಲ್ಲಿ ನಿಮಗೆ ಕೇಳಿಸದೆ ಇರಬಹುದು” ಎಂದರಂತೆ. ಒಂದು ಕಾಗದ ಎಂಥ ಕೆಲಸ ಮಾಡುತ್ತದೆ ನೋಡಿ. ತಮ್ಮ ಕಿವಿಯನ್ನು ನಂಬಿದ್ದ ಜನ ಕಿವಿಯ ಮೇಲೇ ಅನುಮಾನಪಡತೊಡಗಿದರು. ಒಬ್ಬಾಕೆ, ಹೌದು, ಏನೋ ದೂರದಲ್ಲಿ ಕೇಳಿಸಿದ ಹಾಗಿತ್ತು ಎಂದಳಂತೆ. ಇನ್ನೊಬ್ಬ, ತನಗೂ ಹಾಗೇ ಅನ್ನಿಸಿತ್ತು ಎಂದನಂತೆ.

ಬೈಂಡರ್ ಮಗಳು ಅದನ್ನು ಪೂರ್ತಿ ನಂಬಿದಳು. ಅವಳ ಅಪ್ಪನ ಕಿವಿ ಚುರುಕು. ಮಳೆಯಲ್ಲೂ ಕೇಳಿಸಿಯೇ ಇರುತ್ತದೆ. ಹಾಗಾದರೆ ಕೇಳಿಸಿಯೂ ಕೆಳಗೆ ಇಳಿದಿದ್ದಾರೆ, ಯಾರದೋ ಪುಸ್ತಕ ಉಳಿಸಲು. ಆಸ್ಪತ್ರೆಗೆ ಔಷಧ ತಲುಪಿಸಲು ಹೋದಾಗ ಅವಳು ನನ್ನ ಹೆಂಡತಿಯ ಹತ್ತಿರ ಹೇಳಿದಳಂತೆ: “ಮೂರು ಸಲ ಕೂಗಿದ್ರಂತೆ ಅಕ್ಕಾ. ಮೂರು ಸಲ. ರಟ್ಟು, ದಾರ, ಅಂಟು ಇಷ್ಟೇ ಅವರಿಗೆ ಕಾಣಿಸಿದ್ದು. ಸಂಜೆ ಮನೆಗೆ ಬರೋಳು ಒಬ್ಬಳಿದ್ದಾಳೆ ಅಂತ ನೆನಪಾಗ್ಲಿಲ್ಲ.” ಅಪ್ಪನ ಚಿತ್ರವನ್ನು ಮಡಚಿ ಪೆಟ್ಟಿಗೆಯ ತಳಕ್ಕೆ ಹಾಕಿದ್ದಾಳಂತೆ.

ಹೆಂಡತಿ ಬಂದು ಇದನ್ನು ಹೇಳಿದ ದಿನ ನನಗೆ ಕೂತಲ್ಲಿ ಕೂರಲಾಗಲಿಲ್ಲ. ಎಲ್ಲವನ್ನೂ ಹೇಳಿಬಿಟ್ಟೆ. ಅವಳು ಬಯ್ಯಬಹುದು ಎಂದುಕೊಂಡಿದ್ದೆ. “ನನಗೆ ಹೇಳಿ ಏನಾಗ್ಬೇಕು? ಅವಳಿಗೆ ಹೋಗಿ ಹೇಳು” ಎಂದಳು ಅಷ್ಟೇ. ಮಂಚದ ಮೇಲಿದ್ದ ಅಮ್ಮ ಎಲ್ಲ ಕೇಳಿಸಿಕೊಂಡು, “ಮಂಡಿ ನಂದು. ನನ್ನ ಕೇಳ್ದೆ ಅದನ್ನ ಯಾಕಪ್ಪ ಅವರಿಗೆ ಕೊಟ್ಟು ಬಂದೆ?” ಎಂದಳು.

ಭಾನುವಾರ ಬೆಳಗ್ಗೆ ಶಾಲೆಗೆ ಹೋದೆ. ಆಟದ ಸಾಮಾನಿನ ಕೋಣೆಗೆ ಬೈಂಡರ್ ಮಗಳನ್ನು ಕರೆದೆ. ಅವಳು ಚೆಂಡಿನ ಬುಟ್ಟಿಗೆ ಒರಗಿ ನಿಂತಳು. ಮಂಗಳವಾರದಿಂದ ಶುರುಮಾಡಿ ಸಹಿಯವರೆಗೆ ಹೇಳಿದೆ. ಅವಳು ಬಲೆಯ ಬಿಚ್ಚಿದ ಒಂದು ಎಳೆಯನ್ನು ಬೆರಳಿಗೆ ಸುತ್ತುತ್ತಾ ಕೇಳಿದಳು. ನನ್ನ ಸಹಿಯ ವಿಷಯಕ್ಕೆ ಅವಳು ಬರಲೇ ಇಲ್ಲ.

“ಒಂಬತ್ತೂವರೆಗೆ ಅಪ್ಪ ನಿಮ್ಮ ಅಂಗಡೀಲಿ ಇದ್ರಾ?” ಎಂದಳು.

“ಇದ್ರು. ಚಹಾ ಕುಡಿದ್ರು.”

“ಏನಂದ್ರು?”

“ನದಿ ಹೇಗಿದೆ ಅಂತ ಕೇಳಿದ್ರು. ಸಾಮಾನು ಮೇಲೆ ಎತ್ತಿಸ್ಲಾ ಅಂದ್ರು. ಏನಾದ್ರೂ ಇದ್ರೆ ಕಚೇರಿಯವರು ಹೇಳ್ತಾರೆ ಅಂತ ನಾನೇ ಕಳಿಸ್ದೆ.”

“ಕೇಳಿದ್ರಾ ಅಪ್ಪ? ನದಿ ಬಗ್ಗೆ ಅವರೇ ಕೇಳಿದ್ರಾ?”

“ಅವರೇ ಕೇಳಿದ್ರು.”

ಬೆರಳಿಗೆ ಸುತ್ತಿದ್ದ ಎಳೆಯನ್ನು ಒಂದೊಂದೇ ಸುತ್ತು ಬಿಚ್ಚಿದಳು. ಹೊರಗೆ ಯಾರೋ ಸರದಿಗೆ ಬಾಗಿಲು ತಟ್ಟಿ, ಒಳಗೆ ಸದ್ದಿಲ್ಲದ್ದನ್ನು ನೋಡಿ ಹೋದರು. “ಹಾಗಾದ್ರೆ ಅಪ್ಪ ಹಠ ಮಾಡ್ಲಿಲ್ಲ” ಎಂದಳು. ಆಮೇಲೆ, “ಇಷ್ಟು ದಿನ ಅವರನ್ನ ಬೈದುಬಿಟ್ನಲ್ಲ, ಮೈಕಣ್ಣ” ಎಂದಳು. ನಾನು ಬಾಯಿ ತೆರೆದೆ. ಅವಳು ಕೈ ಅಡ್ಡ ಹಿಡಿದಳು. “ನೀವು ಈಗ ಏನೂ ಹೇಳ್ಬೇಡಿ. ನಿಮ್ಮನ್ನ ಬೈಯೋಕೆ ಇವತ್ತು ನನ್ನಲ್ಲಿ ಶಕ್ತಿ ಇಲ್ಲ. ನಾಳೆ ಬನ್ನಿ.”

ಮರುದಿನ ಹೋದೆ. ಚೆನ್ನಾಗಿಯೇ ಬೈದಳು. ಆ ಹೊತ್ತಿಗೆ ಇಡೀ ಶಾಲೆಗೆ ವಿಷಯ ತಿಳಿದಿತ್ತು. ಕೆಲವರು ಬಂದು ನನ್ನ ಮುಖಕ್ಕೇ ಹೇಳಬೇಕಾದ್ದನ್ನು ಹೇಳಿದರು. ಕೆಲವರು ತಾವಾಗಿದ್ದರೂ ಅದನ್ನೇ ಮಾಡುತ್ತಿದ್ದೆವೋ ಏನೋ ಎಂದು ನೆಲ ನೋಡಿದರು. ಟೈಲ್ಸ್ ಹಾಕುವ ಗೆಳೆಯ ಇಂದಿಗೂ ನನ್ನ ಜೊತೆ ಮಾತು ಬಿಟ್ಟಿದ್ದಾನೆ. ಬೈದು ಮುಗಿಸಿದ ಮೇಲೆ ಬೈಂಡರ್ ಮಗಳೇ, “ಬಾಯಲ್ಲಿ ಹೇಳಿದ್ದು ಗಾಳಿಗೆ ಹೋಗುತ್ತೆ. ಬರೀರಿ. ಊರೆಲ್ಲ ಓದೋ ಹಾಗೆ ಬರೀರಿ” ಎಂದಳು. ಬರೆದಿದ್ದೇನೆ.

ಆದ್ದರಿಂದ ಈಗ ಕೇಳುತ್ತಿದ್ದೇನೆ. ಆ ಗುರುವಾರದ ಬೆಳಗ್ಗೆ ತಮ್ಮ ಜೀಪು ಎಲ್ಲಿತ್ತು? ಅದು ಹೋಗಿಬಂದದ್ದನ್ನು ಬರೆಯುವ ಪುಸ್ತಕವನ್ನು, ಪುಟ ಹರಿಯದೆ, ವರದಿ ಅಂಟಿಸಿದ ಅದೇ ಗೋಡೆಗೆ ಅಂಟಿಸಿ. ಕೆಸರಿನಿಂದ ಎತ್ತಿಕೊಂಡು ಹೋದ ಸೆಟ್ಟನ್ನು ಹೊರಗೆ ತನ್ನಿ. ಅದರೊಳಗೆ ಟ್ರಾನ್ಸ್‌ಫಾರ್ಮರ್ ಇಲ್ಲದ ಖಾಲಿ ಜಾಗವನ್ನು ನಾನು ಎಲ್ಲರ ಮುಂದೆ ತೋರಿಸುತ್ತೇನೆ. ಅದು ಈಗ ಸಿಗುತ್ತಿಲ್ಲ ಎಂದು ತಾವು ಹೇಳುವಿರಿ ಎಂಬ ಅನುಮಾನವೂ ನನಗಿದೆ. ಸಿಗದಿದ್ದರೆ ಹೇಗೆ ಸಿಗಲಿಲ್ಲ ಎಂದು ಹೇಳಿ. ಹದಿನೇಳನೇ ಪುಟದ ಆ ವಾಕ್ಯವನ್ನು ಹೊಡೆದುಹಾಕಿ, ಆ ವರ್ಗವನ್ನೂ ತೆಗೆಯಿರಿ, ಮೂವತ್ತೊಂದು ಕುಟುಂಬಗಳನ್ನು ಅವರ ಜಾಗಕ್ಕೆ ತನ್ನಿ. ಬೈಂಡರ್ ಮಗಳಿಗೆ, ಆಕೆಯ ತಂದೆಗೆ ಯಾರೂ ಯಾವ ಎಚ್ಚರಿಕೆಯನ್ನೂ ಕೊಟ್ಟಿರಲಿಲ್ಲ ಎಂದು ಒಂದು ಕಾಗದ ಬರೆದು ಕೊಡಿ. ಆ ಕಾಗದದಲ್ಲಿ ದಯವಿಟ್ಟು ‘ನೀಡಲಾಗಿರಲಿಲ್ಲ’ ಎಂದು ಬರೆಯಬೇಡಿ. ‘ನಾವು ನೀಡಲಿಲ್ಲ’ ಎಂದು ಬರೆಯಿರಿ.

ಉಳಿದದ್ದು ದಿಬ್ಬದ ಮೇಲಿನ ನಮ್ಮ ಮನೆ. ಈ ಪತ್ರ ಪ್ರಕಟವಾದ ಮರುದಿನವೇ ಅದನ್ನು ಹಿಂದಕ್ಕೆ ಪಡೆಯಲು ಯಾರಾದರೂ ಬರುತ್ತಾರೆ ಎಂದು ನಮಗೆ ಗೊತ್ತು. ಬರಲಿ. ಮನೆ ಯಾವ ಕಾರಣಕ್ಕೆ ಕೊಟ್ಟಿದ್ದಿರಿ, ಯಾವ ಕಾರಣಕ್ಕೆ ಕಿತ್ತುಕೊಳ್ಳುತ್ತಿದ್ದೀರಿ ಎಂಬೆರಡನ್ನೂ ಮೊಹರು ಹಾಕಿ, ಓದಲು ಬರುವ ಅಕ್ಷರದಲ್ಲಿ ಬರೆದು ಕೊಟ್ಟರೆ ಸಾಕು. ಮನೆ ಬಿಡಲು ನಮಗೆ ಒಂದು ಗಂಟೆ ಕೊಡಿ. ಹೋದ ಸಲ ಅಷ್ಟೂ ಸಿಕ್ಕಿರಲಿಲ್ಲ.

ಇಂತಿ,
ಈ ಸಲ ಯಾರೂ ಪೆನ್ನು ಮುಂದಿಡದೆ ತಾನಾಗಿಯೇ ಸಹಿ ಹಾಕಿರುವ
ಕೆಳಬೀದಿಯ ಮೈಕ್ ರಿಪೇರಿಯವನು